ಸಾಕ್ಷಿಗೆ ಅಭಯ: ರಾಜಕೀಯ ವಿಚಾರಣೆಗಳಲ್ಲಿ ಶಾಸನಸಭೆಯ ಅಧಿಕಾರ

1

ನರಗುಂದ ತಾಲೂಕಿನ ಕೊಣ್ಣೂರಿನಲ್ಲಿ ದೊರೆತಿರುವ ಒಂದು ಶಿಲಾಶಾಸನವು ಕರ್ನಾಟಕದ ಇತಿಹಾಸವನ್ನು ಅಭ್ಯಸಿಸುವವರಿಗೆ ಸುಪರಿಚಿತವಾದುದು. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನು ಶಕ 782ರಲ್ಲಿ, ಎಂದರೆ ಕ್ರಿ.ಶ. 860ರಲ್ಲಿ, ತನ್ನ ಸಾಮಂತನಾದ ಬಂಕೆಯನ ಬಿನ್ನಹವನ್ನು ಮನ್ನಿಸಿ, ಅವನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ತಳೆಯೂರೆಂಬ ಗ್ರಾಮವನ್ನು ದತ್ತಿಯಾಗಿ ಕೊಟ್ಟನೆಂದು ಅದರಲ್ಲಿ ಹೇಳಿದೆ. ಆ ಕೊಳನೂರೇ ಇಂದಿನ ಕೊಣ್ಣೂರು. ಆದರೆ ಕಲ್ಲು ನೃಪತುಂಗನ ಕಾಲದ್ದಲ್ಲ. ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ವೀರನಂದಿಗಳ ಅಪೇಕ್ಷೆಯಂತೆ ಒಂದು ತಾಮ್ರಪಟವನ್ನು ನೋಡಿ ಇದನ್ನು ಕಲ್ಲಿನ ಮೇಲೆ ಬರೆಯಿಸಲಾಯಿತೆಂದು ಶಾಸನವೇ ತಿಳಿಸುತ್ತದೆ. ಮೇಘಚಂದ್ರರು 1115ರಲ್ಲಿ ಸಮಾಧಿಸ್ಥರಾದ ಸಂಗತಿಯು ಶ್ರವಣಬೆಳ್ಗೊಳದ ಶಾಸನದಿಂದ ಗೊತ್ತಾಗಿರುವುದರಿಂದ, ಈ ಪ್ರತಿಯು ಹನ್ನೆರಡನೆಯ ಶತಮಾನದ್ದೆಂದು ಎಣಿಸಬೇಕಾಗಿದೆ. ದತ್ತಿಯ ಕಾಲಕ್ಕೂ ಪ್ರತಿಯ ಕಾಲಕ್ಕೂ ನಡುವೆ ಎರಡೂವರೆ ಶತಮಾನಗಳಿಗಿಂತ ಹೆಚ್ಚಿನ ಅಂತರವಿದೆ. ಬರೆಯಿಸಿದವರಾದರೋ ಆ ದತ್ತಿಯು ಊರ್ಜಿತವಾಗಿ ಉಳಿಯಬೇಕೆಂಬ ಆಸಕ್ತಿಯುಳ್ಳ ಸಂಪ್ರದಾಯಕ್ಕೇ ಸೇರಿದವರು.

‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಈ ಶಾಸನವನ್ನು ಸಂಪಾದಿಸಿದ ಕೀಲ್‌ಹಾರ್ನ್ ಪಂಡಿತರು ಇದನ್ನು ಕೃತಕಶಾಸನಗಳ ವರ್ಗಕ್ಕೆ ಸೇರಿಸಿದರು. ಹಾಗೆಂದು ಇತಿಹಾಸಜ್ಞರು ಇದನ್ನು ಎಸೆದುಬಿಡಲಿಲ್ಲ. ಬಂಕೆಯನ ಪರಾಕ್ರಮವನ್ನು ಕುರಿತ ಸಂಗತಿಗಳನ್ನು ಬೇರೆ ಆಧಾರಗಳೊಡನೆ ಹೋಲಿಸಿ, ಹೊಂದುವಷ್ಟನ್ನು ಸ್ವೀಕರಿಸಿದರು. ಸ್ವಂತ ಹಿತವನ್ನು ಮುಂದಿಟ್ಟುಕೊಂಡು ನುಡಿಯುವ ಸಾಕ್ಷಿಯನ್ನು ಪೂರ್ಣವಾಗಿ ನಂಬಲೂ ಬಾರದು, ಪೂರ್ಣವಾಗಿ ತಳ್ಳಲೂ ಬಾರದು ಎಂಬ ನಿಯಮವು ಹೀಗೆ ಶಾಸನಶೋಧಕರಿಗೆ ನಿತ್ಯದ ಅನುಭವವಾಗಿದೆ.

ನ್ಯಾಯಶಾಸ್ತ್ರದಲ್ಲಿಯೂ ಇದೇ ತೊಡಕು ಬೇರೊಂದು ರೂಪದಿಂದ ಬರುತ್ತದೆ. ಅಧಿಕಾರದಲ್ಲಿರುವವರು ಮಾಡಿದ ಅಕ್ರಮವನ್ನು ಹೊರಗೆಡಹಬೇಕಾದಾಗ, ಅದನ್ನು ಬಲ್ಲವರು ಹೆಚ್ಚಾಗಿ ಅದರಲ್ಲಿ ಕೈಯಿಟ್ಟವರೇ ಆಗಿರುತ್ತಾರೆ. ಲಂಚ ತೆಗೆದುಕೊಂಡವನು ಬಾಯಿಬಿಡಲಾರ. ಕೊಟ್ಟವನು ನುಡಿದರೆ ತಾನೂ ಅಪರಾಧಿಯಾಗುವನು. ಇಂಥವನಿಗೆ ಅಭಯವನ್ನು ಕೊಟ್ಟು ನುಡಿಸಬಹುದೆ? ಕೊಡುವುದಾದರೆ ಯಾರು ಕೊಡಬೇಕು, ಎಷ್ಟು ಕೊಡಬೇಕು? ಈ ಪ್ರಶ್ನೆಗಳನ್ನು ರಾಜಕೀಯ ವಿಚಾರಣೆಗಳಿಗೆ ಅನ್ವಯಿಸಿ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶವು.

2

ಪ್ರಾಚೀನರಿಗೆ ಈ ತೊಡಕು ತಿಳಿಯದೆ ಇರಲಿಲ್ಲ. ಯಾಜ್ಞವಲ್ಕ್ಯಸ್ಮೃತಿಯ ಸಾಕ್ಷಿಪ್ರಕರಣದಲ್ಲಿ ಸಾಕ್ಷ್ಯಕ್ಕೆ ಅನರ್ಹರಾದವರ ಪಟ್ಟಿಯೊಂದಿದೆ. ವ್ಯಾಜ್ಯದ ಅರ್ಥದಲ್ಲಿ ಸಂಬಂಧವುಳ್ಳವನು, ಸಹಾಯಕನು, ಶತ್ರು, ಕಳ್ಳ, ದೋಷವು ಕಂಡುಬಂದವನು ಮೊದಲಾದವರು ಆ ಪಟ್ಟಿಯಲ್ಲಿ ಬರುತ್ತಾರೆ. ಆದರೆ ಕಳವು, ಹೊಡೆದಾಟ, ಸಾಹಸ ಮುಂತಾದ ಪ್ರಕರಣಗಳಲ್ಲಿ ಎಲ್ಲರೂ ಸಾಕ್ಷಿಗಳಾಗಬಹುದೆಂದು ಕೂಡಲೇ ವಿನಾಯಿತಿಯನ್ನು ಹೇಳಿದೆ. ಗುಟ್ಟಾಗಿ ನಡೆಯುವ ಕೃತ್ಯಗಳಿಗೆ ಶುದ್ಧಚರಿತರಾದ ಸಾಕ್ಷಿಗಳು ಸಿಕ್ಕುವುದು ದುರ್ಲಭವೆಂಬ ಲೋಕಾನುಭವವು ಇದರ ಹಿಂದೆ ಇರುವುದು ಸ್ಪಷ್ಟ. ಬಲ್ಲವನಾಗಿದ್ದೂ ಸಾಕ್ಷ್ಯವನ್ನು ನುಡಿಯದವನು ಸುಳ್ಳುಸಾಕ್ಷಿಯ ಪಾಪಕ್ಕೂ ದಂಡಕ್ಕೂ ಸಮಭಾಗಿಯೆಂದು ಅದೇ ಪ್ರಕರಣದಲ್ಲಿದೆ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆದುದರಿಂದ ಈ ವಿಚಾರವು ಕನ್ನಡ ನಾಡಿನ ಪಂಡಿತಪರಂಪರೆಗೂ ಸೇರಿದ್ದು.

ಸರಕಾರಿ ನೌಕರರ ಅಪಹಾರವನ್ನು ಕುರಿತು ಕೌಟಿಲ್ಯನು ಇನ್ನೂ ಸ್ಪಷ್ಟವಾಗಿ ಮಾತನಾಡುತ್ತಾನೆ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಆರೋಪಿತನಾದ ಅಧಿಕಾರಿಯಿಂದ ಹಾನಿಗೊಂಡವರು ಮುಂದೆ ಬಂದು ತಿಳಿಸಬೇಕೆಂದು ಅವನ ಪ್ರಾಂತದಲ್ಲಿ ಡಂಗುರ ಸಾರಿಸತಕ್ಕದ್ದೆಂದು ಹೇಳಿದೆ. ಅಪಹಾರವನ್ನು ಸೂಚಿಸಿದವನಿಗೆ, ಅದು ಸಿದ್ಧವಾದರೆ, ಆರನೆಯ ಒಂದು ಪಾಲು. ಸೂಚಕನು ಕೂಲಿಯ ಆಳಾಗಿದ್ದರೆ ಹನ್ನೆರಡನೆಯ ಒಂದು ಪಾಲು. ಆರೋಪಿತನ ಪ್ರೇರಣೆಯಿಂದ ಸೂಚಕನು ಮಾತು ಹಿಂತೆಗೆದರೆ ಕಠಿನವಾದ ದಂಡ. ಇಲ್ಲಿ ಬಹುಮಾನವೂ ಇದೆ, ಭಯವೂ ಇದೆ. ಆದರೆ ತಾನೇ ದೋಷಿಯಾದ ಸೂಚಕನಿಗೆ ಬಿಡುಗಡೆಯ ಮಾತು ಇಲ್ಲಿ ಬಂದಿಲ್ಲ. ಆ ಮಾತನ್ನು ಕಾಯದೆಯಾಗಿ ಬರೆದವರು ಆಧುನಿಕರು.

3

ಈ ಪ್ರಶ್ನೆಯು ನಮ್ಮ ಭಾಗದ ಆಡಳಿತದಲ್ಲಿ ತೀವ್ರವಾಗಿ ತಲೆದೋರಿದುದು 1888ರಲ್ಲಿ. ಆಗ ಕೊಣ್ಣೂರು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು. ಜಿಲ್ಲೆಯು ಇಲಾಖೆಯ ದಕ್ಷಿಣ ವಿಭಾಗಕ್ಕೆ ಸೇರಿತ್ತು. ಪುಣೆಯಲ್ಲಿ ಕಚೇರಿಯುಳ್ಳ ಮಧ್ಯ ವಿಭಾಗದ ಕಮಿಶನರನು ಆರ್ಥರ್ ಟ್ರ್ಯಾವರ್ಸ್ ಕ್ರಾಫರ್ಡ್. ಮುಂಬಯಿ ನಗರದ ಮ್ಯುನಿಸಿಪಲ್ ಕಮಿಶನರನಾಗಿದ್ದು ಅಲ್ಲಿಯ ದೊಡ್ಡ ಮಂಡಿಗೆ ತನ್ನ ಹೆಸರನ್ನು ಬಿಟ್ಟವನು ಇವನೇ. ಮಾಮಲೇದಾರರ ನೇಮಕ, ಬಡತಿ, ವರ್ಗಾವಣೆಗಳಿಗೆ ಮಧ್ಯಸ್ಥರ ಮೂಲಕ ಇವನು ಹಣ ತೆಗೆದುಕೊಳ್ಳುತ್ತಿದ್ದನೆಂಬ ಆರೋಪವು ಬಂದಿತು. ಮಧ್ಯಸ್ಥನೆಂದು ಹೇಳಲಾದ ಹಣಮಂತರಾವ್ ಎಂಬವನಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಕ್ರಾಫರ್ಡನ ಮೇಲಿನ ಆರೋಪಗಳನ್ನು ಸರಕಾರಿ ನೌಕರರ ವಿಚಾರಣೆಗಾಗಿ 1850ರಲ್ಲಿ ಮಾಡಿದ್ದ ಕಾಯದೆಯ ಪ್ರಕಾರ ನೇಮಕವಾದ ಆಯೋಗವು ಪುಣೆಯಲ್ಲಿ ಕುಳಿತು ವಿಚಾರಿಸಿತು.

ಹಣ ಕೊಟ್ಟ ಮಾಮಲೇದಾರರ ಹೊರತು ಬೇರೆ ಸಾಕ್ಷಿಗಳಿರಲಿಲ್ಲ. ಅವರು ತಾಲೂಕಿನ ಕಂದಾಯದ ಮುಖ್ಯಾಧಿಕಾರಿಗಳು. ಮ್ಯಾಜಿಸ್ಟ್ರೇಟರಾಗಿ ಪ್ರಜೆಗಳ ಅಪರಾಧಗಳನ್ನು ವಿಚಾರಿಸತಕ್ಕವರು. ಹುದ್ದೆಗಾಗಿ ಹಣ ಕೊಟ್ಟೆವೆಂದು ಒಪ್ಪಿದರೆ ಕೆಲಸವೂ ಹೋಗಬಹುದು, ಶಿಕ್ಷೆಯೂ ಬರಬಹುದು. ನಿಜವನ್ನು ನುಡಿದವರಿಗೆ ಯಾವ ಬಾಧೆಯೂ ಆಗದೆಂದು ಮುಂಬಯಿ ಸರಕಾರವು ತನಿಖೆಯ ಅಧಿಕಾರಿಯ ಮೂಲಕ ಅವರಿಗೆ ಮಾತು ಕೊಟ್ಟಿತು. ಆ ಮಾತನ್ನು ನಂಬಿ ಅವರು ನುಡಿದರು.

ಆಯೋಗವು ಲಂಚದ ಆರೋಪವು ಸಿದ್ಧವಾಗಲಿಲ್ಲವೆಂದಿತು. ಕೈಕೆಳಗಿನವರಿಂದ ಸಾಲ ಪಡೆದ ದೋಷವನ್ನು ಮಾತ್ರ ಎತ್ತಿಹಿಡಿಯಿತು. ಕ್ರಾಫರ್ಡನು ಕೆಲಸವನ್ನು ಕಳೆದುಕೊಂಡನು. ಆದರೆ ಪ್ರಕರಣವು ಅಲ್ಲಿಗೆ ಮುಗಿಯಲಿಲ್ಲ. ಲಂಚ ಕೊಟ್ಟೆವೆಂದು ತಾವೇ ಒಪ್ಪಿಕೊಂಡವರು ನ್ಯಾಯಾಸನದಲ್ಲಿ ಕುಳಿತಿರುವುದು ಸರಿಯೆ ಎಂಬ ಕೂಗು ಇಲ್ಲಿಯೂ ಇಂಗ್ಲೆಂಡಿನಲ್ಲಿಯೂ ಎದ್ದಿತು. ಹುದ್ದೆಗಳ ಕ್ರಯವಿಕ್ರಯವನ್ನು ನಿಷೇಧಿಸಿ 1809ರಲ್ಲಿ ಬ್ರಿಟಿಶ್ ಪಾರ್ಲಿಮೆಂಟು ಮಾಡಿದ್ದ ಕಾಯದೆಯು ಅವರಿಗೆ ಅಡ್ಡವಾಗಿತ್ತು. ಮುಂಬಯಿ ಸರಕಾರದ ಮಾತು ಒಂದು ಆಡಳಿತದ ಮಾತು. ಕಾಯದೆಯನ್ನು ಸಡಿಲಿಸುವ ಶಕ್ತಿ ಅದಕ್ಕಿರಲಿಲ್ಲ. ಕೊನೆಗೆ 1889ರಲ್ಲಿ ಭಾರತ ಸರಕಾರದ ಶಾಸನಸಭೆಯು ಆ ಸಾಕ್ಷಿಗಳನ್ನು ದಾವೆ ಮತ್ತು ಶಿಕ್ಷೆಗಳಿಂದ ರಕ್ಷಿಸುವುದಕ್ಕಾಗಿ ಪ್ರತ್ಯೇಕ ಕಾಯದೆಯನ್ನೇ ಮಾಡಬೇಕಾಯಿತು. ಅಷ್ಟಾದರೂ, ಒತ್ತಾಯಕ್ಕೆ ಸಿಕ್ಕಿ ಹಣ ಕೊಟ್ಟವರು ಯಾರು, ಸ್ವಲಾಭಕ್ಕಾಗಿ ಕೊಟ್ಟವರು ಯಾರು ಎಂದು ವಿಂಗಡಿಸಿ ಕೆಲವರನ್ನು ಕೆಲಸದಿಂದ ತೆಗೆಯಲಾಯಿತು. ಕೊಟ್ಟ ಮಾತನ್ನು ಸರಕಾರವು ನಡೆಸಿಕೊಡಲೇಬೇಕೆಂದು ವಾದಿಸಿದವರಲ್ಲಿ ಬಾಲಗಂಗಾಧರ ಟಿಳಕರು ಪ್ರಮುಖರಾಗಿದ್ದರು.

ಈ ಪ್ರಕರಣದಲ್ಲಿ ಸಾಕ್ಷಿಗಳ ಸ್ಥಿತಿಯನ್ನು ವಾಚಕರು ಗಮನಿಸಬೇಕು. ಅವರು ನುಡಿದುದು ಮೊದಲು. ಕಾಯದೆಯ ರಕ್ಷಣೆ ಬಂದುದು ಆಮೇಲೆ. ನಡುವಿನ ಕಾಲದಲ್ಲಿ ಅವರ ಕೈಯಲ್ಲಿದ್ದುದು ಒಂದು ವಚನ ಮಾತ್ರ. 1872ರ ಸಾಕ್ಷ್ಯದ ಕಾಯದೆಯ 132ನೆಯ ಕಲಮಿನ ರಕ್ಷಣೆಯು ಆಗಲೇ ಜಾರಿಯಲ್ಲಿತ್ತೆಂಬುದು ನಿಜ. ಒತ್ತಾಯಕ್ಕೊಳಗಾಗಿ ಸಾಕ್ಷಿಯು ಕೊಟ್ಟ ಉತ್ತರವನ್ನು, ಸುಳ್ಳುಸಾಕ್ಷ್ಯದ ಮೊಕದ್ದಮೆಯ ಹೊರತು, ಅವನ ಮೇಲೆಯೇ ಉಪಯೋಗಿಸಲಾಗದೆಂದು ಆ ಕಲಮು ಹೇಳುತ್ತಿತ್ತು. ಆದರೆ ಸರಕಾರದ ಕರೆಗೆ ಓಗೊಟ್ಟು ತಾನಾಗಿ ಬಂದು ತನಿಖೆಯವರ ಮುಂದೆ ಹೇಳಿದ ಮಾತಿಗೆ ಅದು ನೆರಳಾಗುವಂತಿರಲಿಲ್ಲ, ಹುದ್ದೆಯನ್ನಂತೂ ಉಳಿಸಿಕೊಡುವಂತಿರಲಿಲ್ಲ.

4

ಅಭಯವನ್ನು ಶಾಸನಸಭೆಯೇ ಮುಂದಾಗಿ ಗೊತ್ತುಪಡಿಸಿದರೆ ಏನಾಗುವುದೆಂಬುದನ್ನು ತಿಳಿಯಲು ಅಮೇರಿಕೆಯ ಸಂಯುಕ್ತ ಸಂಸ್ಥಾನಗಳ ಅನುಭವವನ್ನು ನೋಡಬೇಕು. ತನಗೆ ವಿರುದ್ಧವಾಗಿ ಸಾಕ್ಷಿಯಾಗುವಂತೆ ಯಾರನ್ನೂ ಒತ್ತಾಯಿಸಕೂಡದೆಂದು ಅವರ ರಾಜ್ಯಘಟನೆಯ ಐದನೆಯ ತಿದ್ದುಪಡಿಯು ವಿಧಿಸುತ್ತದೆ. ಈ ಹಕ್ಕಿಗೆ ಸಮಾನವಾದ ರಕ್ಷಣೆಯನ್ನು ಕೊಟ್ಟರೆ ಮಾತ್ರ ಸಾಕ್ಷಿಯನ್ನು ನುಡಿಸಬಹುದು. ಆ ಸಮಾನತೆಯ ಅಳತೆ ಯಾವುದೆಂಬುದರ ಬಗ್ಗೆಯೇ ಅಲ್ಲಿ ನೂರು ವರ್ಷಗಳಿಗೂ ಮಿಕ್ಕಿ ಚರ್ಚೆ ನಡೆಯಿತು.

ವಿಷಯವನ್ನು ಸುಲಭಗೊಳಿಸುವುದಕ್ಕಾಗಿ ಎರಡು ಹೆಸರುಗಳನ್ನು ಇಟ್ಟುಕೊಳ್ಳೋಣ. ಸಾಕ್ಷಿಯು ಯಾವ ಕೃತ್ಯವನ್ನು ಕುರಿತು ನುಡಿದನೋ ಆ ಕೃತ್ಯಕ್ಕಾಗಿ ಅವನ ಮೇಲೆ ಎಂದೆಂದಿಗೂ ಮೊಕದ್ದಮೆ ಹೂಡದಿರುವುದು ಕೃತ್ಯಾಭಯ. ಅವನ ನುಡಿಯನ್ನು ಮಾತ್ರ ಅವನ ಮೇಲೆ ಉಪಯೋಗಿಸದೆ, ಬೇರೆ ಸಾಕ್ಷ್ಯವಿದ್ದರೆ ಮೊಕದ್ದಮೆಗೆ ಅವಕಾಶವಿಟ್ಟುಕೊಳ್ಳುವುದು ವಚನಾಭಯ.

ಪ್ರತಿನಿಧಿಸಭೆಯ ಸದಸ್ಯರಲ್ಲಿ ಲಂಚಗುಳಿತನವಿದೆಯೆಂದು ಬರೆದ ಪತ್ರಿಕೆಯ ಬಾತ್ಮೀದಾರನೊಬ್ಬನು ಸಭೆಯ ಸಮಿತಿಗೆ ಹೆಸರುಗಳನ್ನು ಹೇಳಲು ನಿರಾಕರಿಸಿದ ಸಂದರ್ಭದಲ್ಲಿ, 1857ರ ಜನವರಿಯಲ್ಲಿ ಕಾಂಗ್ರೆಸ್ಸು ಒಂದು ಕಾಯದೆಯನ್ನು ಮಾಡಿತು. ಕರೆದ ಸಾಕ್ಷಿಯು ನುಡಿಯಲೇಬೇಕು, ನುಡಿದವನಿಗೆ ಕೃತ್ಯಾಭಯ. ಫಲವು ವಿಪರೀತವಾಯಿತು. ಅಪರಾಧಿಗಳು ಸಮಿತಿಯ ಮುಂದೆ ಬಂದು ತಮ್ಮ ಕೃತ್ಯವನ್ನು ಪ್ರಸ್ತಾಪಿಸಿ, ಮಿಂದು ಮಡಿಯಾದವರಂತೆ ಹೊರಗೆ ಹೋಗತೊಡಗಿದರು. ಸರಕಾರದ ವಶದಲ್ಲಿದ್ದ ಮೂಲನಿವಾಸಿಗಳ ನಿಧಿಯ ಸಾಲಪತ್ರಗಳು ಅಪಹೃತವಾದ ಪ್ರಕರಣದಲ್ಲಿ ಆರೋಪಿತರು ಇದೇ ಕಾರಣದಿಂದ ಪಾರಾದರು. ಆದುದರಿಂದ 1862ರಲ್ಲಿ ಕಾಯದೆಯನ್ನು ವಚನಾಭಯಕ್ಕೆ ಇಳಿಸಲಾಯಿತು. ಇದೇ ಮಾದರಿಯಲ್ಲಿ ನ್ಯಾಯಾಲಯದ ಸಾಕ್ಷಿಗಳಿಗಾಗಿ ಮಾಡಿದ್ದ ಇನ್ನೊಂದು ಕಾಯದೆಯನ್ನು 1892ರ ಕೌನ್ಸೆಲ್‌ಮನ್ ಮೊಕದ್ದಮೆಯಲ್ಲಿ ವರಿಷ್ಠ ನ್ಯಾಯಾಲಯವು ಸಾಲದೆಂದಿತು. ಸಾಕ್ಷಿಯ ಮಾತಿನ ಜಾಡು ಹಿಡಿದು ಬೇರೆ ಪುರಾವೆಗಳನ್ನು ಹುಡುಕಿ ಅವನನ್ನೇ ಶಿಕ್ಷಿಸಬಹುದಾಗಿದ್ದರೆ, ಆ ಅಭಯವು ಅರೆಯಾದುದೇ ಸರಿ ಎಂಬುದು ಅದರ ತರ್ಕ.

ಕಮ್ಯುನಿಸ್ಟರ ಬಗೆಗಿನ ಭೀತಿಯು ಅಲ್ಲಿಯ ರಾಜಕೀಯವನ್ನು ಆವರಿಸಿದ್ದಾಗ, 1954ರಲ್ಲಿ, ದೇಶಭದ್ರತೆಯ ವಿಚಾರಣೆಗಳಿಗಾಗಿ ಕಾಂಗ್ರೆಸ್ಸು ಅಭಯದ ಅಧಿಕಾರವನ್ನು ಹೊಸದಾಗಿ ತೆಗೆದುಕೊಂಡಿತು. ಆ ಕಾಯದೆಯ ಇನ್ನೊಂದು ಭಾಗವನ್ನು 1956ರ ಉಲ್‌ಮನ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಎತ್ತಿಹಿಡಿಯಿತು. ಭಿನ್ನಮತವನ್ನು ಬರೆದ ಡಗ್ಲಸ್ ನ್ಯಾಯಾಧೀಶರ ಆಕ್ಷೇಪವು ಮನನೀಯವಾಗಿದೆ. ಸೆರೆಮನೆಯಿಂದ ತಪ್ಪಿಸಿದ ಮಾತ್ರಕ್ಕೆ ಅಭಯವು ಪೂರ್ಣವಾಗದು. ನುಡಿದವನಿಗೆ ಒದಗುವ ಅಪಕೀರ್ತಿ, ಕೆಲಸದ ನಷ್ಟ, ನೆರೆಹೊರೆಯವರ ತಿರಸ್ಕಾರ ಇವುಗಳನ್ನು ಯಾವ ಕಾಯದೆಯೂ ಹಿಂತೆಗೆಯಲಾರದು. ಪುಣೆಯ ಮಾಮಲೇದಾರರ ಗತಿಯನ್ನು ನೆನೆದವರಿಗೆ ಈ ಮಾತಿನ ತೂಕ ತಿಳಿಯುವುದು.

1970ರ ಕಾಯದೆಯು ಮಧ್ಯಮಾರ್ಗವನ್ನು ಹಿಡಿಯಿತು. ಸಾಕ್ಷಿಯ ನುಡಿಯನ್ನೂ, ಆ ನುಡಿಯಿಂದ ನೇರವಾಗಿಯೋ ಪರಂಪರೆಯಿಂದಲೋ ದೊರೆತ ಪುರಾವೆಯನ್ನೂ ಅವನ ಮೇಲೆ ಉಪಯೋಗಿಸಕೂಡದು. ಆದರೆ ಸ್ವತಂತ್ರವಾದ ಪುರಾವೆಯಿದ್ದರೆ ಮೊಕದ್ದಮೆಗೆ ಅಡ್ಡಿಯಿಲ್ಲ. 1972ರ ಕ್ಯಾಸ್ಟಿಗರ್ ಮೊಕದ್ದಮೆಯಲ್ಲಿ ಇದು ಸಾಲುವುದೆಂದು ನಿರ್ಣಯವಾಯಿತು. ಸಭೆಯ ಮುಂದಿನ ವಿಚಾರಣೆಯಾದರೆ ಸಭೆಯ ಬಹುಮತವೂ, ಸಮಿತಿಯ ಮುಂದಿನದಾದರೆ ಸಮಿತಿಯ ಮೂರರಲ್ಲಿ ಎರಡು ಪಾಲು ಸದಸ್ಯರ ಒಪ್ಪಿಗೆಯೂ ಬೇಕು. ಆಜ್ಞೆಯನ್ನು ಹೊರಡಿಸುವುದು ನ್ಯಾಯಾಲಯ. ಆದರೆ ಕ್ರಮವು ಸರಿಯಾಗಿದ್ದಲ್ಲಿ ಅದು ನಿರಾಕರಿಸಲಾರದು. 1973ರಲ್ಲಿ ವಾಟರ್‌ಗೇಟ್ ಪ್ರಕರಣವನ್ನು ವಿಚಾರಿಸುತ್ತಿದ್ದ ಸೆನೆಟ್ ಸಮಿತಿಯು ಜಾನ್ ಡೀನನಿಗೆ ಅಭಯ ಕೊಡಿಸಿದುದು ಹೀಗೆಯೇ; ಅವನ ಸಾಕ್ಷ್ಯವು ಅಧ್ಯಕ್ಷ ನಿಕ್ಸನ್ನನವರೆಗೆ ದಾರಿ ಮಾಡಿತು.

ಈ ಮಧ್ಯಮಾರ್ಗಕ್ಕೂ ಬೆಲೆಯುಂಟು. ಇರಾನಿಗೆ ಶಸ್ತ್ರಗಳನ್ನು ಮಾರಿ ಬಂದ ಹಣವನ್ನು ನಿಕರಾಗುವದ ಬಂಡುಕೋರರಿಗೆ ಕಳುಹಿಸಿದ ಪ್ರಕರಣದಲ್ಲಿ ಆಲಿವರ್ ನಾರ್ತ್ ಎಂಬ ಸೇನಾಧಿಕಾರಿಯು 1987ರಲ್ಲಿ ಅಭಯ ಪಡೆದು ಕಾಂಗ್ರೆಸ್ಸಿನ ಸಮಿತಿಗಳ ಮುಂದೆ ನುಡಿದನು. ದೇಶವೆಲ್ಲ ಅದನ್ನು ದೂರದರ್ಶನದಲ್ಲಿ ನೋಡಿತು. 1989ರಲ್ಲಿ ಅವನಿಗೆ ಶಿಕ್ಷೆಯಾಯಿತು. ಆದರೆ ಮೊಕದ್ದಮೆಯ ಸಾಕ್ಷಿಗಳ ನೆನಪಿನ ಮೇಲೆ ಆ ನುಡಿಯ ಪ್ರಭಾವ ಬಿದ್ದಿಲ್ಲವೆಂದು ತೋರಿಸಬೇಕೆಂದು 1990ರಲ್ಲಿ ಮೇಲಿನ ನ್ಯಾಯಾಲಯವು ಕೇಳಿತು. ತೋರಿಸಲಾಗದೆ 1991ರಲ್ಲಿ ಆರೋಪಗಳೇ ಬಿದ್ದುಹೋದವು. ನಿಜವನ್ನು ತಿಳಿದುಕೊಂಡ ಪ್ರಜೆಗಳು ದೋಷಿಯನ್ನು ಶಿಕ್ಷಿಸುವ ಅವಕಾಶವನ್ನು ತೆತ್ತರು.

5

ಇನ್ನು ನಮ್ಮ ದೇಶದ ಇಂದಿನ ವ್ಯವಸ್ಥೆಯನ್ನು ನೋಡೋಣ. ನಮ್ಮ ಪಾರ್ಲಿಮೆಂಟಿಗಾಗಲಿ ವಿಧಾನಮಂಡಲಗಳಿಗಾಗಲಿ ಒಬ್ಬೊಬ್ಬ ಸಾಕ್ಷಿಗೆ ಅಭಯದ ಆಜ್ಞೆಯನ್ನು ಕೊಡಿಸುವ ಇಂಥ ಕಾಯದೆಯಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಹಾಪರಾಧಿಗೆ ಕ್ಷಮೆಯನ್ನಿತ್ತು ಅವನನ್ನು ಮಾಫಿ ಸಾಕ್ಷಿಯನ್ನಾಗಿ ಮಾಡುವ ಅಧಿಕಾರವು ಮ್ಯಾಜಿಸ್ಟ್ರೇಟ್ ಮತ್ತು ನ್ಯಾಯಾಲಯಗಳಿಗೆ ಸೇರಿದುದು. ಹಿಂದಿನ ದಂಡಪ್ರಕ್ರಿಯಾ ಸಂಹಿತೆಗಳಲ್ಲಿದ್ದ ಈ ವಿಧಿಯು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ತಾನು ಬಲ್ಲುದೆಲ್ಲವನ್ನೂ ನಿಜವಾಗಿ ಹೇಳುವುದೇ ಕ್ಷಮೆಯ ನಿಬಂಧನೆ. ಮುಚ್ಚಿಟ್ಟರೆ ಕ್ಷಮೆಯು ಹೋಗುತ್ತದೆ. ಸಂವಿಧಾನದ 20ನೆಯ ಅನುಚ್ಛೇದದ ಮೂರನೆಯ ಖಂಡವು ಅಪರಾಧದ ಆರೋಪಕ್ಕೊಳಗಾದವನನ್ನು ಮಾತ್ರ ಕಾಪಾಡುತ್ತದೆ; ಆರೋಪವಿಲ್ಲದ ಸಾಕ್ಷಿಗೆ ಕಾಯದೆಯ ರಕ್ಷಣೆಯೇ ಗತಿ.

ರಾಜಕೀಯ ವಿಚಾರಣೆಗಳಿಗೆ ನಮ್ಮ ಪಾರ್ಲಿಮೆಂಟು ಮಾಡಿದ ಏರ್ಪಾಡು 1952ರ ವಿಚಾರಣಾ ಆಯೋಗಗಳ ಕಾಯದೆಯಲ್ಲಿದೆ. ಅದರ 6ನೆಯ ಕಲಮಿನ ಪ್ರಕಾರ, ಆಯೋಗದ ಮುಂದೆ ಸಾಕ್ಷ್ಯ ನುಡಿಯುವಾಗ ಹೇಳಿದ ಮಾತನ್ನು ಸುಳ್ಳುಸಾಕ್ಷ್ಯದ ಮೊಕದ್ದಮೆಯ ಹೊರತು ಬೇರಾವ ದಿವಾಣಿ ಇಲ್ಲವೆ ಫೌಜದಾರಿ ವ್ಯವಹಾರದಲ್ಲಿಯೂ ಹೇಳಿದವನ ಮೇಲೆ ಉಪಯೋಗಿಸಕೂಡದು. ಆ ಮಾತು ಆಯೋಗವು ಕೇಳಿದ ಪ್ರಶ್ನೆಗೆ ಉತ್ತರವಾಗಿರಬೇಕು, ಅಥವಾ ವಿಚಾರಣೆಯ ವಿಷಯಕ್ಕೆ ಸಂಬಂಧಿಸಿರಬೇಕು. ಇಂದಿರಾ ಗಾಂಧಿಯವರ ಹತ್ಯೆಯ ಮೊಕದ್ದಮೆಯಲ್ಲಿ, 1988ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಈ ಕಲಮಿಗೆ ವಿಶಾಲವಾದ ಅರ್ಥವನ್ನು ಕೊಟ್ಟು, ಆಯೋಗದ ಮುಂದೆ ಹೇಳಿದ ಮಾತನ್ನು ಮುಂದೆ ಅದೇ ಸಾಕ್ಷಿಯ ನುಡಿಯನ್ನು ಖಂಡಿಸುವುದಕ್ಕೂ ಬಳಸಕೂಡದೆಂದಿತು.

ಈ ಕಾಯದೆಯ ಬಲಾಬಲಗಳು ಕರ್ನಾಟಕದ ಪ್ರಕರಣವೊಂದರಲ್ಲಿ ದೊಡ್ಡ ಚರ್ಚೆಗೆ ಬಂದವು. 1977ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ದೇವರಾಜ ಅರಸರ ಸರಕಾರದ ಮೇಲೆ ಬಂದ ಆರೋಪಗಳ ಬಗ್ಗೆ ರಾಜ್ಯ ಸರಕಾರವು ತಾನೇ ಒಂದು ಆಯೋಗವನ್ನು ನೇಮಿಸಿತು; ಕೆಲವೇ ದಿನಗಳಲ್ಲಿ ಕೇಂದ್ರ ಸರಕಾರವು ನ್ಯಾಯಮೂರ್ತಿ ಎ. ಎನ್. ಗ್ರೋವರ್ ಅವರ ಆಯೋಗವನ್ನು ನೇಮಿಸಿತು. ಮಂತ್ರಿಗಳು ಉತ್ತರ ಹೇಳತಕ್ಕುದು ವಿಧಾನಸಭೆಗೆ. ಅವರ ನಡತೆಯನ್ನು ವಿಚಾರಿಸುವ ಅಧಿಕಾರವು ಆ ಸಭೆಯ ಹಕ್ಕುಬಾಧ್ಯತೆಗಳಲ್ಲಿ ಅಡಕವಾಗಿದೆ. ಕೇಂದ್ರದ ಆಯೋಗವು ಅದನ್ನು ಮೀರುತ್ತದೆ ಎಂದು ಕರ್ನಾಟಕವು ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿತು. 1977ರ ನವೆಂಬರ್ 8ರಂದು ಏಳು ಮಂದಿ ನ್ಯಾಯಾಧೀಶರ ಪೀಠವು ಬಹುಮತದಿಂದ ಈ ವಾದವನ್ನು ತಳ್ಳಿಹಾಕಿತು. ಆಯೋಗವು ಸಂಗತಿಗಳನ್ನು ಶೋಧಿಸುವ ಸಾಧನವೇ ಹೊರತು ತೀರ್ಪು ಕೊಡುವ ನ್ಯಾಯಾಲಯವಲ್ಲವೆಂಬ ತತ್ತ್ವವು ಅದಕ್ಕೆ ಹಿಂದೆಯೇ, 1958ರ ದಾಲ್ಮಿಯಾ ಮೊಕದ್ದಮೆಯಲ್ಲಿ, ನೆಲೆಗೊಂಡಿತ್ತು.

ಈ ನಿರ್ಣಯದ ಮಹತ್ತ್ವವು ಕೇಂದ್ರ ಮತ್ತು ರಾಜ್ಯಗಳ ಸಂಬಂಧಕ್ಕಷ್ಟೇ ಸೀಮಿತವಲ್ಲ. ಅಮೇರಿಕೆಯಲ್ಲಿ ವಿಚಾರಿಸುವುದೂ ಅಭಯವನ್ನು ಬಯಸುವುದೂ ಶಾಸನಸಭೆಯೇ. ಯಾವ ಸಾಕ್ಷಿಗೆ, ಯಾವಾಗ ಎಂಬುದನ್ನು ಅದು ಪ್ರತಿಸಲವೂ ಮತಹಾಕಿ ನಿರ್ಣಯಿಸುತ್ತದೆ. ನಮ್ಮಲ್ಲಿ ಪಾರ್ಲಿಮೆಂಟು ಒಂದೇ ಸಲ ಸಾಮಾನ್ಯ ನಿಯಮವಾಗಿ ಅಭಯವನ್ನು ವಿಧಿಸಿಟ್ಟಿದೆ. ಆಯೋಗವನ್ನು ನೇಮಿಸುವ ಸರಕಾರವು ಅದನ್ನು ಹೆಚ್ಚಿಸಲೂ ಆರದು, ಕಡಿಮೆ ಮಾಡಲೂ ಆರದು. ತನ್ನ ಪಕ್ಷದವನಿಗೆ ಪೂರ್ಣಾಭಯ, ಎದುರು ಪಕ್ಷದವನಿಗೆ ಅರೆ ಅಭಯ ಎಂಬ ಪಕ್ಷಪಾತಕ್ಕೆ ಇದರಲ್ಲಿ ಎಡೆಯಿಲ್ಲ. ಇದು ನಮ್ಮ ಪದ್ಧತಿಯ ಗುಣ. ದೋಷವೂ ಇದೆ. ಕಲಮಿನ ಮಾತುಗಳು ಸಾಕ್ಷಿಯ ನುಡಿಯನ್ನು ಹೆಸರಿಸುತ್ತವೆ. ಆ ನುಡಿಯ ಜಾಡು ಹಿಡಿದು ಹೊರಟ ತನಿಖೆಯನ್ನು ಹೆಸರಿಸುವುದಿಲ್ಲ. ಅಮೇರಿಕೆಯ ನ್ಯಾಯಾಲಯವು 1892ರಲ್ಲಿ ಯಾವುದನ್ನು ಅರೆಯೆಂದಿತೋ ನಮ್ಮ ಕಾಯದೆಯ ಅಕ್ಷರವು ಅಲ್ಲಿಗೇ ನಿಂತಿದೆ. ಕಚೇರಿಯ ಕಡತವನ್ನು ಕಣ್ಣಾರೆ ಕಂಡ, ಮೇಲಿನವರ ಮಾತಿಗೆ ರುಜು ಹಾಕಿದ ಗುಮಾಸ್ತನು ಆಯೋಗದ ಮುಂದೆ ನಿಲ್ಲಲು ಅಂಜಿದರೆ ಅವನ ಅಂಜಿಕೆಯು ನಿರಾಧಾರವೆನ್ನಲಾಗದು.

6

ಈವರೆಗಿನ ವಿವೇಚನೆಯಿಂದ ಮೂರು ಅಂಶಗಳು ಫಲಿಸುತ್ತವೆ. ಒಂದು: ಅಭಯವು ಕಾಯದೆಯಿಂದ, ಸಾಕ್ಷಿಯು ನುಡಿಯುವುದಕ್ಕಿಂತ ಮುಂಚೆಯೇ ಬರಬೇಕು. ಆಡಳಿತದವರ ಮಾತನ್ನು ನಂಬಿದ ಮಾಮಲೇದಾರರಿಗೆ ಒದಗಿದ ಸಂಕಟವೇ ಇದಕ್ಕೆ ಪ್ರಮಾಣ. ಎರಡು: ಅಭಯದ ಅಳತೆಯು ಸಾಕ್ಷಿಯಿಂದ ಕಿತ್ತುಕೊಂಡ ಮೌನಕ್ಕೆ ಸಮನಾಗಿರಬೇಕು. ಹೆಚ್ಚಾದರೆ 1857ರ ಅಮೇರಿಕೆಯಂತೆ ಅಪರಾಧಿಗಳಿಗೆ ಪುಣ್ಯಸ್ನಾನವಾಗುವುದು. ಕಡಿಮೆಯಾದರೆ ಬಲ್ಲವರು ಬಾಯಿ ಮುಚ್ಚುವರು. ನಿಜವನ್ನು ತಿಳಿಯುವುದೂ ದೋಷಿಯನ್ನು ಶಿಕ್ಷಿಸುವುದೂ ಎಲ್ಲ ಕಾಲದಲ್ಲಿಯೂ ಒಟ್ಟಿಗೆ ಕೂಡಿಬಾರವು. ಯಾವುದನ್ನು ಬಿಟ್ಟುಕೊಡಬೇಕೆಂಬುದನ್ನು ಶಾಸನಸಭೆಯು ಅರಿತು ಆರಿಸಬೇಕು. ಆಮೇಲೆ ಆಕಸ್ಮಿಕವಾಗಿ ತಿಳಿದುಕೊಳ್ಳಬಾರದು.

ಮೂರನೆಯದು ಶಾಸನಶೋಧಕರಿಗೆ ಮೊದಲೇ ತಿಳಿದಿರುವ ಅಂಶ. ಅಭಯ ಪಡೆದು ನುಡಿದವನು ಹಿತಸಂಬಂಧಿಯಾದ ಸಾಕ್ಷಿಯೇ. ಸಹಾಪರಾಧಿಯ ಮಾತನ್ನು ಮುಖ್ಯ ಅಂಶಗಳಲ್ಲಿ ಬೇರೆ ಸಾಕ್ಷ್ಯವು ಸಮರ್ಥಿಸದ ಹೊರತು ನಂಬಲರ್ಹವಲ್ಲವೆಂದು ಭಾವಿಸಬಹುದೆಂಬ ನಿಯಮವನ್ನು 1872ರ ಸಾಕ್ಷ್ಯದ ಕಾಯದೆಯು ದಾಖಲಿಸಿತು. ಅಭಯವು ಸಾಕ್ಷಿಯ ಬಾಯಿಯನ್ನು ತೆರೆಯಿಸಬಲ್ಲದು; ಆ ಬಾಯಿಂದ ಬಂದುದು ನಿಜವೆಂಬುದಕ್ಕೆ ಅದು ಹೊಣೆಯಾಗಲಾರದು. ಕೊಣ್ಣೂರಿನ ಕಲ್ಲಿನ ಮಾತನ್ನು ವಿದ್ವಾಂಸರು ಬೇರೆ ಶಾಸನಗಳ ಪಕ್ಕದಲ್ಲಿಟ್ಟು ಓದಿದ ಹಾಗೆಯೇ, ಆಯೋಗಗಳ ವರದಿಗಳನ್ನೂ ಅವುಗಳಲ್ಲಿ ಅಡಕವಾಗಿರುವ ಸಾಕ್ಷ್ಯಗಳನ್ನೂ ಓದುವ ಅಭ್ಯಾಸವು ನಮ್ಮಲ್ಲಿ ಬೆಳೆಯಬೇಕಾಗಿದೆ.